ಹಕ್ಕಿನ ಮಗಳು

"ಲಾಯರ್ ಕಡೆಯವರು ಬಂದು ಹೇಳಿ ಹೋದ್ರು ಅಕ್ಕಾ. ನೀವು ಲೆಜಿಟಿಮೇಟ್ ಮಗಳಂತೆ. ಹಂಗಂದ್ರೇನು?" ಎಂದಳು ತಂಗಿ, ಬಟ್ಟೆಯಿಂದ ಕಣ್ಣೆತ್ತದೆ. ಬಾಯಿಯ ಒಂದು ಮೂಲೆಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು ಇನ್ನೊಂದು ಮೂಲೆಯಿಂದ ಮಾತಾಡುತ್ತಿದ್ದಳು. ಥೇಟ್ ಅಪ್ಪ.

ಟೀಚರಮ್ಮ ಅಂಗಡಿಯ ಬಾಗಿಲಲ್ಲೇ ನಿಂತಳು. ಇವಳು ಒಡಹುಟ್ಟಿದ ತಂಗಿಯಲ್ಲ. ಅಪ್ಪ, ಟೀಚರಮ್ಮನ ತಾಯಿಯಿಂದ ದೂರವಾಗಿ, ಮದುವೆಯಾಗದೆ ಜೊತೆಯಲ್ಲಿಟ್ಟುಕೊಂಡಿದ್ದ ಹೆಂಗಸಿಗೆ ಹುಟ್ಟಿದ ಮಗಳು. ಅಪ್ಪ ತೀರಿಕೊಂಡ ಮೇಲೆ ಈ ಟೈಲರ್ ಅಂಗಡಿ ಕಾನೂನಿನ ಪ್ರಕಾರ ಟೀಚರಮ್ಮನಿಗೆ ಬಂದಿತ್ತು. ಬೀಗದಕೈ ಇಸಿದುಕೊಂಡು ಹೋಗಲೆಂದೇ ಬಂದಿದ್ದಳು.

"ಕಾನೂನು ಒಪ್ಪುವಂಥದ್ದು ಅಂತ," ಎಂದಳು, ತರಗತಿಯ ದನಿಯಲ್ಲಿ. "ಲೈಸೆನ್ಸ್ ಇದ್ರೆ ವ್ಯಾಪಾರ ಲೆಜಿಟಿಮೇಟ್. ಕಾರಣ ನ್ಯಾಯವಾಗಿದ್ರೆ ದೂರನ್ನೂ ಹಾಗೇ ಅಂತಾರೆ. ಮದುವೆಯಾದವರಿಗೆ ಹುಟ್ಟಿದ್ರೆ ಮಗೂನೂ."

"ಮಗೂಗೂ ಲೈಸೆನ್ಸಾ! ಹೊಟ್ಟೇಲಿದ್ದಾಗ್ಲೇ ಅರ್ಜಿ ಹಾಕ್ಬೇಕಿತ್ತು ನಾನು. ನನ್ನಂಥೋರಿಗೆ ಏನಂತಾರೆ?"

"ಅದೇ ಪದದ ಮೊದಲು 'ಇಲ್' ಅಂತ ಎರಡಕ್ಷರ ಸೇರಿಸ್ತಾರೆ."

"ಎರಡೇನಾ? ನಮ್ಮಮ್ಮನಿಗೆ ಜನ ಅಂದಿದ್ದು ಇನ್ನೂ ಉದ್ದ ಇತ್ತು ಬಿಡಿ."

ತಂಗಿ ನಕ್ಕು ಕತ್ತರಿ ಎತ್ತಿಕೊಂಡಳು. ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರಿದಳು, ಮಲಗಿದ ಕರುವಿನ ಬೆನ್ನು ಸವರುವ ಹಾಗೆ. ಅದೂ ಅಪ್ಪನದೇ. ಹೊಟ್ಟೆಯೊಳಗಿನ ಕಿಚ್ಚಿಗೆ ದೇವರು ಹೊಗೆಗೂಡು ಇಟ್ಟಿಲ್ಲ. ಅದು ಕಣ್ಣಿನಿಂದಲೇ ಹೊರಬರಬೇಕು. ಟೀಚರಮ್ಮನ ಕಣ್ಣು ಉರಿಯತೊಡಗಿತು. ತನ್ನ ಮನೆಗೆ ಬಂದಾಗಲೆಲ್ಲ ಅಪ್ಪ ಕುರ್ಚಿಯ ತುದಿಯಲ್ಲಿ ನೆಂಟನ ಹಾಗೆ ಕೂತು, ನೀರು ಕೊಟ್ಟರೂ "ಯಾಕಮ್ಮ ತೊಂದರೆ" ಎನ್ನುತ್ತಿದ್ದ. ಇಲ್ಲಿ ಈ ಹುಡುಗಿಗೆ ಬೈದಿರಬೇಕು, ತಲೆಗೆ ಮೊಟಕಿರಬೇಕು. ಒಂದು ಮೊಟಕು ತನಗೂ ಸಿಕ್ಕಿದ್ದರೆ!

ಅಷ್ಟರಲ್ಲಿ ಗಿರಾಕಿಯೊಬ್ಬಳು, ವಯಸ್ಸಾದವಳು, ಬಟ್ಟೆಯ ಗಂಟು ಹಿಡಿದು ಮೆಟ್ಟಿಲೇರಿದಳು.

"ಏನೇ ಟೈಲರ್ ಮಗಳೇ, ಹೋದ ಸಲದ ರವಿಕೆ ಮೈಗೆ ಅಂಟಿ ಕೂತಂಗಿತ್ತು ಕಣೆ. ನಿಮ್ಮಪ್ಪನ ಕೈ ನಿಂಗೇ ಬಂದಿದೆ. ಇನ್ಯಾರಿಗೆ ಬರಬೇಕು ಹೇಳು, ಒಬ್ಬಳೇ ಮಗಳು!" ಆಮೇಲೆ ಟೀಚರಮ್ಮನ ಕಡೆ ತಿರುಗಿ, "ನೀವ್ಯಾರು ತಾಯಿ?"

ತಂಗಿಯ ಕತ್ತರಿ ನಿಂತಿತು. ಅವಳು ಟೀಚರಮ್ಮನ ಮುಖ ನೋಡಿದಳು.

'ಮಗಳು ನಾನು' ಎಂಬ ಮಾತು ಟೀಚರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಕಾನೂನೆಲ್ಲ ಅವಳ ಬೆನ್ನಿಗಿತ್ತು. ಆದರೆ ಈ ಮುದುಕಿ ತನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಪ್ಪನನ್ನು ಹುಡುಕಿ, ಕಾಣದೆ ಹೋದರೆ?

"ನಾನು... ಬಟ್ಟೆ ಹೊಲಿಸೋಕೆ ಬಂದೆ," ಎಂದಳು.

ತಂಗಿ ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಕೊರಳಿನ ಟೇಪು ಬಿಚ್ಚಿಕೊಂಡು ಹತ್ತಿರ ಬಂದಳು.

"ಕೈ ಎತ್ತಿ ಅಕ್ಕಾ."

ಟೀಚರಮ್ಮ ಎರಡೂ ಕೈ ಎತ್ತಿ ನಿಂತಳು. ಮುದುಕಿ ಬೆಂಚಿನ ಮೇಲೆ ಸರಿದು ಕೂತು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಸರದಿಗೆ ಕಾಯತೊಡಗಿದಳು.