ಹಗಲು ದೀಪದ ಲಾರಿ

ತಮ್ಮಣ್ಣ ಸತ್ತ ಸುದ್ದಿ ಬಂದದ್ದು ೧೯೬೧ರ ಕಾರ್ತಿಕದ ಒಂದು ಗುರುವಾರ ಬೆಳಿಗ್ಗೆ. ಇಚಲಕರಂಜಿಯ ಮೋಟಾರು ಸ್ಟ್ಯಾಂಡಿನ ಹಿಂದೆ ಲಾರಿಗಳ ವೈರಿಂಗ್ ಕೆಲಸ ಮಾಡುತ್ತಿದ್ದ ಬಸಗೊಂಡ ಆಗಷ್ಟೇ ಲಿಂಗಪೂಜೆ ಮುಗಿಸಿ ಎದ್ದಿದ್ದ. ಕಬನೂರಿನ ಮಗ್ಗದವರು ನಾಲ್ವರು ಬಾಗಿಲಲ್ಲಿ ನಿಂತರು. ಬರ್ರಿ ಎಂದರೂ ಒಳಗೆ ಬರಲಿಲ್ಲ. ಬಸಗೊಂಡನ ಮಗ ತಮ್ಮಣ್ಣನ ಸೈಕಲ್ಲನ್ನು ಹೊತ್ತು ತಂದಿದ್ದರು. ಮುಂದಿನ ಗಾಲಿ ಮಡಚಿ ಹೋಗಿತ್ತು.

ಪಾವರ್‌ಲೂಮಿನ ರಾತ್ರಿ ಪಾಳಿ ಮುಗಿಸಿ ನಸುಕಿನ ಕತ್ತಲಲ್ಲಿ ಬರುತ್ತಿದ್ದ ಮಗನ ಮೇಲೆ ಗಡಹಿಂಗ್ಲಜದ ಬಾಳಾಸಾಹೇಬನ ಲಾರಿ ಹಾಯ್ದಿತ್ತು. ಲಾರಿಯ ಮಾಲಕನೂ ಅವನೇ, ಡ್ರೈವರನೂ ಅವನೇ. “ನನ್ನ ದಿವಾ ಎರಡೂ ಹತ್ತಿದ್ದೂವ್ರಿ. ಆಂವಾ ಕುಡಿದು ಅಡ್ಡ ಬಂದ” ಎಂದು ಪೊಲೀಸರ ಮುಂದೆ ಬರೆಸಿದ. ಅವರು ಪರೀಕ್ಷಿಸಿದಾಗ ಲಾರಿಯ ದೀಪಗಳೂ ಹತ್ತಿದವು.

ತಮ್ಮಣ್ಣ ಹೆಂಡದ ವಾಸನೆಗೂ ಹೇಸುತ್ತಿದ್ದ. ಆದರೂ ಊರು ಎರಡು ಮಾತಾಡಿತು. ತಾಯಿ ಮಲಕವ್ವ ನೀರಿಗೆ ಹೋಗುವುದನ್ನೇ ಬಿಟ್ಟಳು. ಮಗ ಹೋದ ದುಃಖವನ್ನು ಬಸಗೊಂಡ ಶಿವನ ಪಾದಕ್ಕೆ ಹಾಕಿದ. ಮಗನ ಹೆಸರಿಗೆ ಹತ್ತಿದ ಮಸಿಯನ್ನು ಮಾತ್ರ ತನ್ನ ಹೊಟ್ಟೆಯೊಳಗೆ ಕೆಂಡದಂತೆ ಇಟ್ಟುಕೊಂಡ.

ಮೂರು ತಿಂಗಳಾದ ಮೇಲೆ ಆ ಲಾರಿ ತಾನಾಗಿ ಅವನ ಬಾಗಿಲಿಗೆ ಬಂತು. ಕೊಲ್ಹಾಪುರದ ಇಬ್ಬರು ಮಿಸ್ತ್ರಿಗಳು ಕೈ ಚೆಲ್ಲಿದ್ದರು. ಯುದ್ಧಕಾಲದ ಆ ಹಳೆಯ ಗಾಡಿಯ ಒಳಗುಟ್ಟು ಬಲ್ಲವನು ಸುತ್ತಮುತ್ತ ಬಸಗೊಂಡ ಒಬ್ಬನೇ.

“ದಿವಾ ಒಮ್ಮೆ ಹತ್ತತಾವು, ಒಮ್ಮೆ ಆರತಾವು. ಧಂದೆ ನಡೀಬೇಕಲ್ಲ, ಕಾಕಾ” ಎಂದ ಬಾಳಾಸಾಹೇಬ, ನೆಲ ನೋಡುತ್ತ.

“ಗಾಡಿ ಬಿಟ್ಟು ಹೋಗ್ರಿ.”

ಬಲ್ಬುಗಳು ಸರಿಯಿದ್ದವು, ಫ್ಯೂಸೂ ಸರಿಯಿತ್ತು. ಪರೀಕ್ಷೆಯ ದೀಪ ಹಿಡಿದು ವೈರಿನ ಜಾಡಿನಲ್ಲಿ ಹೋದರೆ ಕರೆಂಟು ರಿಲೇಯ ತನಕ ಬಂದು ಅಲ್ಲಿಯೇ ನಿಲ್ಲುತ್ತಿತ್ತು. ಸ್ವಿಚ್ಚು ಹಾಕಿದಾಗ ರಿಲೇ ಡಬ್ಬಿಯೊಳಗಿನ ತಗಡಿನ ನಾಲಿಗೆ ಕೆಳಗಿಳಿದು ದೀಪಗಳಿಗೆ ಕರೆಂಟು ಬಿಡಬೇಕು. ಬಸಗೊಂಡ ಮುಚ್ಚಳ ತೆಗೆದ. ಸವೆದ ನಾಲಿಗೆಯನ್ನು ಒತ್ತಿ ಹಿಡಿಯಲು ಯಾರೋ ಬೆಂಕಿಕಡ್ಡಿ ಸಿಗಿಸಿದ್ದರು. ಗಾಡಿ ಕುಲುಕಿದಾಗ ಕಡ್ಡಿ ಸರಿಯುತ್ತಿತ್ತು, ದೀಪ ಆರುತ್ತಿತ್ತು. ಕಡ್ಡಿ ಸುಟ್ಟು ಇದ್ದಲಾಗಿತ್ತು; ಅದರ ಮೇಲೆ ವರ್ಷದ ಧೂಳು ಕೂತಿತ್ತು. ದೀಪ ನಂಬುವಂಥದಲ್ಲ ಎಂದು ಬಾಳಾಸಾಹೇಬನಿಗೆ ಮೊದಲೇ ಗೊತ್ತಿತ್ತು.

ಕಡ್ಡಿಯನ್ನು ಹಾಗೆಯೇ ಬಿಟ್ಟಿದ್ದರೆ ಯಾವುದಾದರೂ ಘಾಟಿನ ತಿರುವು ಉಳಿದದ್ದನ್ನು ನೋಡಿಕೊಳ್ಳುತ್ತಿತ್ತು. ಬಸಗೊಂಡನ ಕೈ ತಡೆಯಿತು. ಎದುರಿಗೆ ಬರುವ ಸೈಕಲ್ಲಿನವನೂ ಒಬ್ಬರ ಮಗ. ಅಲ್ಲದೆ ಸತ್ತವನು ಬಾಯಿ ಬಿಡಲಾರ. ಬಸಗೊಂಡನಿಗೆ ಬೇಕಾಗಿದ್ದದ್ದು ಬಾಳಾಸಾಹೇಬನ ಬಾಯಿ.

ಅವನು ರಿಲೇಯನ್ನು ಕಿತ್ತ. ಇಂಜಿನು ತಿರುಗಿದೊಡನೆ, ಸ್ವಿಚ್ಚು ಹಾಕಿದರೂ ಬಿಟ್ಟರೂ, ಕರೆಂಟು ನೇರವಾಗಿ ದೀಪಗಳಿಗೆ ಹೋಗುವಂತೆ ಒಂದು ವೈರನ್ನು ಹಳೆಯ ವೈರುಗಳ ಕಟ್ಟಿನ ನಡುವೆ ಹಾಯಿಸಿದ. ಆ ಗಾಡಿಯ ವೈರುಗಳೆಲ್ಲ ಒಂದೇ ಕರಿಬಣ್ಣ; ಹೊಸದು ಯಾವುದೆಂದು ಬೇರೆಯವರಿಗೆ ತಿಳಿಯದು. ಮೇಲೆ ಗಂಜಿಯ ನೂಲು ಸುತ್ತಿ, ತಮ್ಮಣ್ಣ ಕಲಿಸಿದ್ದ ನೇಕಾರರ ಗಂಟನ್ನು ಗೇಣಿಗೊಂದರಂತೆ ಹಾಕಿದ.

“ಇನ್ನ ಆರೂದಿಲ್ಲ ತಗೋರಿ. ಆದರ ಒಂದ ಮಾತು. ಬ್ಯಾರೆಯವರು ಕತ್ತರಿ ಹಚ್ಚಿದರೋ, ಎಲ್ಲಾ ದಿವಾ ಒಮ್ಮೆಲೆ ಹೋಗತಾವು” ಎಂದ, ಗಾಡಿ ಒಯ್ಯಲು ಬಂದ ಬಾಳಾಸಾಹೇಬನಿಗೆ.

ಮರುದಿನ ಉರಿಬಿಸಿಲಿನಲ್ಲಿ ಲಾರಿ ಕಣ್ಣು ಬಿಟ್ಟುಕೊಂಡು ಹೊರಟಿತು. “ಅಹೋ ಶೇಠ, ದಿವಾ ಚಾಲೂ ಆಹೆ!” ಎಂದು ಹುಪರಿಯ ಅಂಗಡಿಕಾರರು ಉರಿಯುವ ದೀಪಗಳತ್ತ ಕೈ ಬೀಸಿದರು. “ಹಗಲಿನ್ಯಾಗ ಯಾರನ್ನ ಹುಡುಕಾಕ ಹೊಂಟಿ?” ಎಂದು ಗಡಹಿಂಗ್ಲಜದ ಸಂತೆಯಲ್ಲಿ ನಕ್ಕರು. ಬಾಳಾಸಾಹೇಬ ದೀಪಗಳಿಗೆ ಗೋಣಿತಟ್ಟು ಕಟ್ಟಿದ. ಅದು ಹೊಗೆಯಾಡಿತು, ನಗು ಇಮ್ಮಡಿಯಾಯಿತು. ಎಂಟನೆಯ ದಿನ ಕಬನೂರಿನಲ್ಲಿ ನೇಕಾರರ ಮುದುಕಿ ನಾಗೂಬಾಯಿ ಲಾರಿಗೆ ಅಡ್ಡ ನಿಂತಳು.

“ಮಟಮಟ ಮಧ್ಯಾಹ್ನ ಎರಡೆರಡು ದಿವಾ! ನಮ್ಮ ತಮ್ಮಣ್ಣ ಬರೂಮುಂದ ಯಾಕ ಹಚ್ಚಲಿಲ್ಲೋ, ಭಾಡ್ಯಾ?”

ಅಲ್ಲಿಂದ ಬಾಳಾಸಾಹೇಬ ನೇರ ಬಸಗೊಂಡನ ಅಂಗಡಿಗೆ ಬಂದ. “ತಗೀರಿ ಕಾಕಾ, ಕಾಲಿಗೆ ಬೀಳತೇನಿ.”

“ಏನ ತಗೀಲಿ? ಬರೋಬರಿ ಹತ್ತ್ಯಾವಲ್ಲ.”

“ಏನ ಬೇಕು ಹೇಳ್ರಿ, ಕೊಡತೇನಿ.”

“ಕಬನೂರದಾಗ ಪಾಳಿ ಬಿಡೂ ಹೊತ್ತಿಗೆ ಲಾರಿ ಮ್ಯಾಲೆ ನಿಂತು ಖರೇ ಮಾತಾಡು. ಆಮ್ಯಾಲೆ ಪೊಲೀಸರ ಮುಂದ.”

“ಜೇಲಿಗೆ ಹಾಕ್ತಾರ್ರಿ!”

“ಹಾಕಲಿ. ಅಲ್ಲಿ ಹೊತ್ತಿಗೆ ಸರಿಯಾಗಿ ದಿವಾ ಅವರಽ ಆರಸ್ತಾರು.”

ಹಾದಿಯುದ್ದದ ಆ ನಗು ತಾಳಲಾರದೆ ಬಾಳಾಸಾಹೇಬ ಒಪ್ಪಿದ. ಅಂದು ಸಂಜೆ ಕಬನೂರಿನಲ್ಲಿ ಪಾಳಿ ಬಿಟ್ಟಿತು. ನೂಲಿನ ಧೂಳು ಮೆತ್ತಿದ ಇನ್ನೂರು ಜನ ಲಾರಿಯನ್ನು ಸುತ್ತುವರಿದರು. ಬಾಳಾಸಾಹೇಬ ಮೇಲೆ ಹತ್ತಿ ನಿಂತು ಕೂಗಿ ಹೇಳಿದ: “ಅವತ್ತ ನನ್ನ ದಿವಾ ಆರಿದ್ದೂವು. ತಮ್ಮಣ್ಣ ಕುಡಿದಿದ್ದಿಲ್ಲ. ನಾ ಸುಳ್ಳು ಹೇಳಿದೆ.” ಯಾರೋ ಅವನ ಕೊರಳಪಟ್ಟಿ ಹಿಡಿದೆಳೆದರು, ಯಾರೋ ಉಗುಳಿದರು. ಬಸಗೊಂಡ ಬಿಡಿಸಲು ಹೋಗಲಿಲ್ಲ. ಹಸಿದವನು ಉಣ್ಣುವಂತೆ ನೋಡುತ್ತ ನಿಂತ. ಪೊಲೀಸರು ಆ ಮಾತನ್ನೇ ಬರೆದುಕೊಂಡ ಮೇಲೆ ನೂಲು ಕತ್ತರಿಸಿ ಆ ವೈರನ್ನು ಕಿತ್ತು, ಹೊಸ ರಿಲೇ ಕೂಡಿಸಿಕೊಟ್ಟ. ಬಾಳಾಸಾಹೇಬ ಕೈ ಮುಗಿದ. ಬಸಗೊಂಡ ಮುಗಿಯಲಿಲ್ಲ.

ಮರುದಿನ ಮಲಕವ್ವ ಕೊಡ ಹಿಡಿದು ಹೊರಗೆ ಹೋದಳು. ಬಸಗೊಂಡ ಬಿಲ್ವಪತ್ರೆ ಹಿಡಿದು ಮಗನನ್ನು ಮಣ್ಣು ಮಾಡಿದ ಜಾಗಕ್ಕೆ ಹೋದ. ವಿಭೂತಿ ಹಚ್ಚಿ, ಹಣೆಯನ್ನು ಮಣ್ಣಿಗೆ ಮುಟ್ಟಿಸಿದ.

“ಶಿವನೇ, ನನ್ನ ಸಿಟ್ಟು ಇನ್ನೂ ತಣಿದಿಲ್ಲ. ಅದರ ಪಾಪ ನನಗಿರಲಿ, ಕೂಸಿಗೆ ತಟ್ಟಬಾರದು. ನಿನ್ನ ಮಡಿಲಾಗ ಅವನು ನಿಶ್ಚಿಂತಿಲೇ ಮಲಗಲಿ. ಅವನಿಗೆ ಶಾಂತಿ ಕೊಡು, ತಂದೆ.”