ಮುಳ್ಳು ಸಿಗದ ಮೀನು

ಬೆಂದ ಮೀನಿನ ಹಬೆ ಕನ್ನಡಕದ ಮೇಲೆ ಕೂತಿದೆ, ಅಂಗಿಯ ತುದಿಯಿಂದ ಒರೆಸಿದೆ, ಒರೆಸಿದರೂ ಅಷ್ಟೇ, ಹಬೆಯಾಗಿದ್ದರೆ ಹೋಗಬೇಕಿತ್ತು — ಮೂರು ವಾರದಿಂದ ಬಲಗಣ್ಣಿಗೆ ಹಾಲಿನ ಕೆನೆ ಕಟ್ಟಿದಂತಿದೆ, ಯಾರಿಗೂ ಹೇಳಿಲ್ಲ, ಕೈಗಡಿಯಾರ ರಿಪೇರಿ ಮಾಡುವವನು ಕಣ್ಣು ಮಂಜು ಎಂದರೆ ಅಂಗಡಿಯ ಬಾಗಿಲು ಎಳೆದಂತೆಯೇ, ಚಳಿ ಹೋಗಿ ವಾರವಾಯಿತು, ಕಿಟಕಿ ತೆರೆದಿದೆ, ಆರೂವರೆಯಾದರೂ ಬೆಳಕಿದೆ, ಎದುರಿನ ಮರ ಚಿಗುರಿದೆಯಂತೆ, ಮಗಳು ಹೇಳಿದಳು, ನನಗೆ ಹಸಿರು ಕಾಣುತ್ತಿದೆ, ಎಲೆ ಕಾಣುತ್ತಿಲ್ಲ. ತಾತ ಬೇಗ, ಮೊಮ್ಮಗಳು ಬಾಯಿ ತೆರೆದೇ ಕೂತಿದ್ದಾಳೆ, ನಾಲ್ಕು ವರ್ಷ, ಬೆಳಿಗ್ಗೆ ಐದಕ್ಕೇ ಮನೆಯನ್ನೆಲ್ಲ ಎಬ್ಬಿಸುತ್ತಾಳೆಂದು ಕರೆಯುವುದು ಅಲಾರಾಂ, ತಡಿಯೇ ಅಲಾರಾಂ, ಮುಳ್ಳು ತೆಗೀಬೇಕು, ಚಿಮಟದಿಂದಲೇ, ಈ ಮನೆಯಲ್ಲಿ ಮಕ್ಕಳ ಮೀನಿಗೆ ಗಡಿಯಾರದ ಚಿಮಟವೇ ಆಗಬೇಕು, ನಾನೇ ಮಾಡಿದ ಕಾನೂನು — ಇವಳ ಅಮ್ಮ, ನನ್ನ ಮಗಳು, ಐದು ವರ್ಷದವಳಿದ್ದಾಗ ಗಂಟಲಲ್ಲಿ ಮುಳ್ಳು ಸಿಕ್ಕಿ, ಎತ್ತಿಕೊಂಡು ಓಡಿದೆ, ಬರಿಗಾಲಲ್ಲಿ, ಅವಳೂ ಹೀಗೇ ಬಾಯಿ ತೆರೆದಿದ್ದಳು, ಮುಚ್ಚಲಾಗದೆ, ಡಾಕ್ಟರು ತೆಗೆದದ್ದು ರೆಪ್ಪೆಗೂದಲಿನಷ್ಟು ಉದ್ದ. ಏನ್ರೀ, ಮೀನು ರಿಪೇರಿ ಆಯ್ತಾ, ಗ್ಯಾರಂಟಿ ಎಷ್ಟು ದಿನ, ಹೆಂಡತಿ ಸಿಗಡಿ ಸುಲಿಯುತ್ತ ನಗುತ್ತಾಳೆ, ಅಂಗಡೀಲಿ ಮುಳ್ಳು ಕೂರಿಸ್ತಾರೆ, ಮನೇಲಿ ಮುಳ್ಳು ಕೀಳ್ತಾರೆ, ಜನ್ಮವೆಲ್ಲ ಮುಳ್ಳೇ ಇವರಿಗೆ — ಮಗಳು ನಗುವುದಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಾಳೆ. ಬಿಳಿ ಮಾಂಸದಲ್ಲಿ ಬಿಳಿ ಮುಳ್ಳು, ಎಡಗಣ್ಣೊಂದಕ್ಕೆ ಆಗದ ಕೆಲಸ, ಈ ಮೀನಿನಲ್ಲಿ ನಡುಮುಳ್ಳಿನ ಪಕ್ಕ ಒಂದು ಸಾಲು ಸಣ್ಣವು ಇದ್ದೇ ಇರುತ್ತವೆ, ಹತ್ತಕ್ಕೆ ಕಡಿಮೆಯಿಲ್ಲ, ಬೆರಳಿನಿಂದ ಒತ್ತಿದೆ, ಇಲ್ಲ, ತಿರುಗಿಸಿದೆ, ಇಲ್ಲ, ಅಂದರೆ ಕಣ್ಣಷ್ಟೇ ಅಲ್ಲ ಬೆರಳೂ ಹೋಯಿತು, ಇವೆ, ಎಲ್ಲೋ ಇವೆ, ಎಲ್ಲ ತೆಗೆದಾಯಿತು ಎಂದು ಕೊಟ್ಟುಬಿಡಲೇ, ತಾತಾ ಆ ಆ, ಆ ಬಾಯಿ, ಆ ಪುಟ್ಟ ನಾಲಿಗೆ, ಅದರ ಹಿಂದಿನ ಕತ್ತಲು — ಚಿಮಟ ಕೆಳಗಿಟ್ಟೆ. ನನಗೆ ಕಾಣಿಸ್ತಿಲ್ಲ ಕಣಮ್ಮ, ಮಗಳಿಗೆ ಅಂದೆ, ನೀನೇ ನೋಡು. ಸಿಗಡಿ ಸುಲಿಯುವ ಸದ್ದು ನಿಂತಿತು. ಅದರಲ್ಲಿ ಮುಳ್ಳೇ ಇಲ್ಲಪ್ಪ, ಮಗಳು ಅಂದಳು, ಅಡುಗೆಮನೇಲೇ ತೆಗೆದಿದ್ದೀನಿ, ಹೋದ ಭಾನುವಾರ ಟೀಗೆ ಉಪ್ಪು ಹಾಕ್ಕೊಂಡು ಚೆನ್ನಾಗಿದೆ ಅಂತ ಪೂರ್ತಿ ಕುಡಿದೆಯಲ್ಲ, ಆವಾಗ್ಲೇ ಗೊತ್ತಾಯ್ತು. ಮತ್ತೆ ಯಾಕೆ ಹುಡುಕೋಕೆ ಬಿಟ್ಟೆ, ಅಂದೆ. ತಾತನೇ ಕೊಡ್ಬೇಕು ಅಂತ ಅವಳ ಹಟ, ನನಗೂ ಅಷ್ಟೇ, ನಿನ್ನ ಕೈಯಿಂದಾನೇ ತಿನ್ನಲಿ ಅಂತ, ನಾಳೆ ಎಂಟೂವರೆಗೆ ಕಣ್ಣಿನ ಡಾಕ್ಟರ ಹತ್ರ ಹೇಳಿಟ್ಟಿದ್ದೀನಿ, ಸುಮ್ನೆ ಬರ್ಬೇಕು — ಎದ್ದು ಹೋಗಿ ಅಡುಗೆಮನೆಯಿಂದ ಒಂದು ಕಪ್ಪು ಬಣ್ಣದ ಬಸಿ ತಂದು ಮುಂದಿಟ್ಟಳು, ಕತ್ತು ಬಗ್ಗಿಸಿ ಎಡಗಣ್ಣು ಹತ್ತಿರ ತಂದೆ, ಹನ್ನೊಂದು ಮುಳ್ಳು, ಬಿಚ್ಚಿದ ಗಡಿಯಾರದ ಭಾಗಗಳನ್ನು ನಾನು ಸಾಲಾಗಿಡುವ ಹಾಗೆ, ಇವಳು ಯಾವಾಗ ನೋಡಿ ಕಲಿತಳು, ದೊಡ್ಡದು, ಅದಕ್ಕಿಂತ ಚಿಕ್ಕದು, ಅದಕ್ಕಿಂತ ಚಿಕ್ಕದು, ಅದಕ್ಕಿಂತ —