ಕತ್ತೆ ಮರೆತ ಮಾತು

“ಐದು ಎಣಿಸೋವರೆಗಿನ ಆ ಮೌನ ನನ್ನದು! ತಾಯಿ ಹೊಟ್ಟೆಯಿಂದಲೇ ತಂದವಳ ಹಾಗೆ ಹೇಳಿ ಬಂದೆಯಲ್ಲ, ನಾಚಿಕೆ ಆಗಲ್ವಾ?”

“ಮೆಲ್ಲಗೆ ಅಣ್ಣಾ. ಹೊರಗೆ ಲೈಟಿನವರು ಕೇಳಿಸ್ಕೋತಾರೆ.”

“ಕೇಳಿಸ್ಕೊಳ್ಳಲಿ. ನಿನ್ನ ಮಾತು ಊರೆಲ್ಲ ಕೇಳಿತಲ್ಲ, ನನ್ನದೂ ನಾಲ್ಕು ಜನ ಕೇಳಲಿ.”

ತಂಗಿ ಮೇಕಪ್ ಕನ್ನಡಿಯ ಮುಂದೆ ಕೂತು ಜಡೆಗೆ ಹಳದಿ ರಿಬ್ಬನ್ ಕಟ್ಟಿಕೊಳ್ಳುತ್ತಿದ್ದಳು. ನಲವತ್ತು ದಾಟಿದವಳಿಗೆ ರಿಬ್ಬನ್ನು! ಜನರ ತೆರಿಗೆಯಲ್ಲಿ ನಡೆಯುವ ನಮ್ಮ ಟಿವಿಯ ಮಕ್ಕಳ ಕಾರ್ಯಕ್ರಮಕ್ಕೆ ಹದಿನಾರು ವರ್ಷದಿಂದ ಅವಳೇ ಅಕ್ಕ. ದಾರಿಯಲ್ಲಿ ಮೀಸೆ ಬಂದ ಗಂಡಸರೂ ‘ಅಕ್ಕಾ’ ಎಂದು ನಿಲ್ಲಿಸಿ ಮಾತಾಡಿಸುತ್ತಾರೆ. ಅವಳ ಪಕ್ಕದ ಬಟ್ಟೆಯ ಕತ್ತೆ ನಾನು. ಮೇಜಿನ ಕೆಳಗೆ ಮೊಣಕಾಲೂರಿ, ಬಲಗೈ ಮೇಲೆತ್ತಿ, ಕತ್ತೆಯ ಬಾಯಿ ಆಡಿಸಿ ದನಿ ಕೊಡುವವನು. ನನ್ನ ಮುಖವನ್ನು ಯಾವ ಮಗುವೂ ಕಂಡಿಲ್ಲ.

ಈ ವರ್ಷ ಸರ್ಕಾರದವರು ಟಿವಿಯ ಅನುದಾನವನ್ನು ಅರ್ಧ ಕತ್ತರಿಸಲು ಹೊರಟಿದ್ದರು. ಕತ್ತರಿ ಬಿದ್ದರೆ ಮೊದಲು ಹೋಗುವುದು ಮಕ್ಕಳ ಕಾರ್ಯಕ್ರಮ. ನಿನ್ನೆ ಶಾಸಕರ ಸಮಿತಿಯ ಮುಂದೆ ಮಾತಾಡಲು ನಿರ್ದೇಶಕರು ತಂಗಿಯನ್ನು ಕಳಿಸಿದರು. ನಾನು ಹಿಂದಿನ ಸಾಲಿನಲ್ಲಿ ಕೂತೆ, ಕತ್ತೆ ಚೀಲದಲ್ಲಿ.

“ನಾವು ಪ್ರಶ್ನೆ ಕೇಳಿ ಐದು ಎಣಿಸೋವರೆಗೆ ಸುಮ್ಮನಿರ್ತೀವಿ,” ಎಂದಳು ಅಲ್ಲಿ. “ಮನೇಲಿ ಕೂತ ಮಗು ಆಗ ಉತ್ತರ ಹೇಳುತ್ತೆ. ಜಾಹೀರಾತು ನಂಬಿದ ಚಾನೆಲ್‌ಗೆ ಇದು ಆಗಲ್ಲ. ಅಷ್ಟರಲ್ಲಿ ಒಂದು ಬಿಸ್ಕತ್ತು ಮಾರಬಹುದು! ಮಗುವಿಗಾಗಿ ಕಾಯೋಕೆ ಜನರ ದುಡ್ಡೇ ಬೇಕು.” ಆಮೇಲೆ ಅಧ್ಯಕ್ಷರ ಕಡೆ ತಿರುಗಿ, “ನೀವು ಚಿಕ್ಕವರಿದ್ದಾಗ ನಿಮ್ಮ ಮಾತಿಗೆ ಯಾರು ಕಾಯ್ತಿದ್ರು?” ಎಂದು ಸುಮ್ಮನಾದಳು.

ನಾಲ್ಕು ಎಣಿಸುವಷ್ಟರಲ್ಲಿ ಆ ಬೋಳುತಲೆಯ ದೊಡ್ಡ ಮನುಷ್ಯ “ನಮ್ಮಜ್ಜಿ” ಎಂದರು. ಸಂಜೆಯೊಳಗೆ ಅನುದಾನ ಪೂರ್ತಿ ಉಳಿಯಿತು.

ಅಲ್ಲಿಯವರೆಗೆ ನನಗೂ ಖುಷಿಯೇ. ಆದರೆ ಸದಸ್ಯೆಯೊಬ್ಬರು ಇದು ಹೊಳೆದದ್ದು ಹೇಗೆ ಎಂದು ಕೇಳಿದಾಗ ಇವಳು ನಕ್ಕು, “ಮೊದಲ ವಾರ ನಾನು ಮಾತು ಮರೆತು ನಿಂತುಬಿಟ್ಟೆ” ಎಂದಳು. ಇವತ್ತು ಪತ್ರಿಕೆಯಲ್ಲಿ ದಪ್ಪಕ್ಷರ: ‘ಅಕ್ಕನ ಮೌನ’. ಅದನ್ನು ಓದಿ ನೇರ ಅವಳ ಮೇಕಪ್ ಕೋಣೆಗೆ ನುಗ್ಗಿದ್ದೆ.

ಮರೆತವನು ನಾನು. ಆಗ ನಮಗೆ ಬರೆದುಕೊಟ್ಟ ಮಾತಿರಲಿಲ್ಲ. ಯಾರು ಏನು ಹೇಳಬೇಕೆಂದು ನಾವಿಬ್ಬರೇ ಮೊದಲು ಮಾತಾಡಿಕೊಳ್ಳುತ್ತಿದ್ದೆವು. ಮೂರಕ್ಕೆ ನಾಲ್ಕು ಕೂಡಿದರೆ ಎಷ್ಟು ಎಂದು ಅವಳು ಕೇಳಿದಳು. ‘ಏಳು’ ಎನ್ನಬೇಕಿದ್ದ ಕತ್ತೆ ಬಾಯಿ ತೆರೆದುಕೊಂಡೇ ಇತ್ತು. ನೇರಪ್ರಸಾರ ಬೇರೆ. ಮರುವಾರ ಮಕ್ಕಳ ಕಾಗದ ರಾಶಿ ಬಿತ್ತು: ‘ಕತ್ತೆಗೆ ನಾವೇ ಹೇಳಿಕೊಟ್ಟೆವು!’ ಅಲ್ಲಿಂದ ಪ್ರತಿ ಪ್ರಶ್ನೆಗೂ ಐದು ಎಣಿಸಿ ಕಾಯತೊಡಗಿದೆವು.

“ಕತ್ತೆ ಮರೀತು ಅನ್ನೋಕೆ ನಿನ್ನ ನಾಲಿಗೆಗೆ ಏನಾಗಿತ್ತು?” ಎಂದೆ.

ಅವಳು ರಿಬ್ಬನ್ ಬಿಟ್ಟು ನನ್ನ ಕಡೆ ತಿರುಗಿದಳು. “ಅವತ್ತು ನಿರ್ದೇಶಕರು ಯಾರದು ತಪ್ಪು ಅಂತ ಕೂಗಾಡ್ಕೊಂಡು ಬಂದಾಗ ನೀನೇನು ಮಾಡ್ದೆ?”

“ಈಗ ಆ ಮಾತು ಯಾಕೆ?” ಎಂದೆ.

“ಮೇಜಿನ ಕೆಳಗಿಂದ ನನ್ನ ಬಟ್ಟೆ ಜಗ್ಗಿ, ‘ಉತ್ತರ ಹೇಳೋ ಸರದಿ ನಿಂದೇ ಇತ್ತು ಅನ್ನೇ, ನನ್ನ ಕೆಲಸ ಹೋಗುತ್ತೆ, ನಿಮ್ಮತ್ತಿಗೆ ಬಸುರಿ’ ಅಂದೆ. ಎಲ್ಲರ ಮುಂದೆ ಬೈಸಿಕೊಂಡಿದ್ದು ನಾನು. ಅದನ್ನೇ ಹೇಳಿ ಹೇಳಿ ಈಗ ನಂಗೇ ನಿಜ ಅನ್ನಿಸುತ್ತೆ. ಕೆಸರಾಗಿದ್ದಾಗ ನನ್ನ ಮೈಗೆ, ಕೆನೆ ಕಟ್ಟಿದ ಮೇಲೆ ನಿನ್ನ ಬಾಯಿಗಾ?”

ಬಾಗಿಲಲ್ಲಿ ಲೈಟಿನವನು ಬೂಟು ನೋಡಿಕೊಳ್ಳುತ್ತ ನಿಂತಿದ್ದ.

“ಬೇಕಿದ್ರೆ ಪತ್ರಿಕೆಯವರನ್ನ ಕರೆದು ಹೇಳ್ತೀನಿ,” ಎಂದಳು. “ಮರೆತವನು ನಮ್ಮಣ್ಣ. ನನ್ನ ಹಿಂದೆ ಅಡಗಿದವನೂ ನಮ್ಮಣ್ಣ. ಎರಡನ್ನೂ ಹೇಳ್ತೀನಿ. ಆಗಬಹುದಾ?”

ಒಂದನ್ನು ಮಾತ್ರ ಹೇಳು ಎನ್ನಬೇಕೆನ್ನಿಸಿತು. ಯಾವ ಮುಖ ಇಟ್ಟುಕೊಂಡು ಅನ್ನಲಿ?

“ಹೋಗ್ಲಿ ಬಾ ಅಣ್ಣ. ಹತ್ತು ನಿಮಿಷಕ್ಕೆ ಪ್ರಸಾರ,” ಎಂದು ಅವಳು ಮೆತ್ತಗಾದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಮೆತ್ತಗಿನ ದನಿ ತಡೆಯಲಾಗಲಿಲ್ಲ. ಒಳ್ಳೆಯತನವೂ ಅವಳ ಪಾಲಿಗೇ ಹೋಯಿತಲ್ಲ! ಚೀಲದಿಂದ ಕತ್ತೆ ತೆಗೆದು ಅವಳ ಪೌಡರ್ ಡಬ್ಬಿಗಳ ಮೇಲೆ ಎಸೆದೆ.

“ಕತ್ತೆ ಯಾರು ಮಾಡ್ತಾರೆ ಅಣ್ಣಾ?”

“ನೀನೇ ಮಾಡ್ಕೋ. ಎಲ್ಲಾ ನಿಂದೇ ಅಲ್ವಾ?”

ಲೈಟಿನವನು ಗೋಡೆಗೊರಗಿ ದಾರಿ ಬಿಟ್ಟ. ಮೆಟ್ಟಿಲಿಳಿದು, ಗೇಟು ದಾಟಿ ನಡೆದೆ. ಆಮೇಲೆ ಆ ಕಟ್ಟಡಕ್ಕೆ ಕಾಲಿಡಲಿಲ್ಲ.